ಮಿಶ್ರ ಬೋಧನಾಕ್ರಮವೂ ಗ್ರಾಮದ ಕಲಿಕೆಯ ಪದ್ಧತಿಯೂ

ವ್ಯವಸಾಯದ ತಿಳಿವಳಿಕೆಯು ರೈತನ ಮನೆಬಾಗಿಲಿಗೆ ಬರುವ ಮಾರ್ಗಗಳು ಈಚಿನ ವರ್ಷಗಳಲ್ಲಿ ಬಹಳವಾಗಿ ಹೆಚ್ಚಿರುವುದು ಎಲ್ಲರಿಗೂ ತಿಳಿದ ವಿಷಯವೇ ಆಗಿದೆ. ಒಂದು ಕಾಲದಲ್ಲಿ ಇಲಾಖೆಯವರು ಜಾತ್ರೆಗಳಲ್ಲಿಯೂ ದನಗಳ ಪರಿಷೆಗಳಲ್ಲಿಯೂ ಹೊಸ ನೇಗಿಲನ್ನೋ ಒಳ್ಳೆಯ ಬಿತ್ತನೆಯ ಬೀಜವನ್ನೋ ಪ್ರದರ್ಶಿಸಿ, ನೋಡಿದವರಿಗೆ ವಿವರ ಹೇಳಿ ಹೋಗುತ್ತಿದ್ದರು. ಅನಂತರ ಆಕಾಶವಾಣಿಯು ಬಂದಿತು. 2000ನೆಯ ಇಸವಿಯಿಂದೀಚೆಗೆ ಕರ್ನಾಟಕದಲ್ಲಿ ಹೋಬಳಿಗಳಲ್ಲಿ ರೈತ ಸಂಪರ್ಕ ಕೇಂದ್ರಗಳು ಏರ್ಪಟ್ಟವು. 2004ನೆಯ ಜನವರಿಯಲ್ಲಿ ಕಿಸಾನ್ ಕಾಲ್ ಸೆಂಟರುಗಳು ಆರಂಭವಾಗಿ, ರೈತನು ತನ್ನ ಭಾಷೆಯಲ್ಲಿಯೇ ದೂರವಾಣಿಯ ಮುಖಾಂತರ ಪ್ರಶ್ನೆ ಕೇಳಿ ಉತ್ತರ ಪಡೆಯುವ ಅನುಕೂಲವುಂಟಾಯಿತು. ಈಗಲಾದರೋ ಅಂಗೈಯಗಲದ ಮೊಬೈಲಿನಲ್ಲಿ ಬೀಜೋಪಚಾರದಿಂದ ಮೊದಲುಗೊಂಡು ಕೊಯ್ಲಿನವರೆಗೆ ಎಲ್ಲ ಪಾಠಗಳನ್ನೂ ನೋಡಬಹುದಾಗಿದೆ.

ಎದುರಿಗೆ ನಿಂತು ಹೇಳುವ ಪಾಠವನ್ನೂ ಯಂತ್ರದ ಮುಖಾಂತರ ಬರುವ ಪಾಠವನ್ನೂ ಜೊತೆಗೂಡಿಸಿ ಕಲಿಸುವ ಕ್ರಮಕ್ಕೆ ವಿದ್ಯಾಭ್ಯಾಸತಜ್ಞರು ಮಿಶ್ರ ಬೋಧನಾಕ್ರಮವೆಂದು ಹೆಸರಿಟ್ಟಿರುತ್ತಾರೆ. 2021ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು ಪ್ರಕಟಿಸಿದ ಕರಡು ಟಿಪ್ಪಣಿಯೊಂದರಲ್ಲಿ, ಕಾಲೇಜುಗಳ ಪಾಠದಲ್ಲಿ 100ಕ್ಕೆ 40 ಪಾಲಿನವರೆಗೆ ಯಂತ್ರದ ಮುಖಾಂತರವೂ ಉಳಿದ 60 ಪಾಲು ಎದುರುಬದುರಾಗಿಯೂ ನಡೆಯಬಹುದೆಂಬ ಸಲಹೆಯಿದ್ದಿತು. ಕಾಲೇಜಿನ ವಿದ್ಯಾರ್ಥಿಗೆ ಈ ಲೆಕ್ಕವು ಸಾಕಾಗಬಹುದು. ಗ್ರಾಮದ ಬೇಸಾಯಗಾರನ ವಿಷಯದಲ್ಲಾದರೋ, ಎಷ್ಟು ಪಾಲು ಯಂತ್ರ, ಎಷ್ಟು ಪಾಲು ಉಪಾಧ್ಯಾಯ ಎಂಬುದಕ್ಕಿಂತ ಮುಖ್ಯವಾದ ಪ್ರಶ್ನೆಗಳು ಎರಡುಂಟು. ಪಾಠವು ಯಾರ ಕೈಗೆ ಸೇರುತ್ತದೆ? ಆ ಕೈಯು ಯಾವ ರೀತಿಯಲ್ಲಿ ಕಲಿಯುವ ವಾಡಿಕೆಯುಳ್ಳದ್ದು? ಈ ಎರಡಕ್ಕೂ ಸರಿಯಾದ ಉತ್ತರ ಸಿಕ್ಕದಿದ್ದರೆ ಎಷ್ಟು ಒಳ್ಳೆಯ ಪಾಠವಾದರೂ ನಿಷ್ಫಲವಾಗುವುದು. ಉತ್ತರವನ್ನು ಕೊಡತಕ್ಕವರು ರಾಜಧಾನಿಯಲ್ಲಿಲ್ಲ, ಗ್ರಾಮಗಳಲ್ಲಿಯೇ ಇದ್ದಾರೆ. ಆದಕಾರಣ ಗ್ರಾಮದ ಮುಖಂಡರೂ ಭೂಮಾಲೀಕರೂ ಈ ವಿಷಯವನ್ನು ಪರಿಶೀಲಿಸುವುದು ಅವಶ್ಯವಾಗಿದೆ.

ಗ್ರಾಮದಲ್ಲಿ ಬೇಸಾಯದ ವಿದ್ಯೆ ಒಬ್ಬರಿಂದೊಬ್ಬರಿಗೆ ಬರುವ ರೀತಿಯನ್ನು ಮೊದಲು ನೋಡಬೇಕು. ಈ ವಿದ್ಯೆಗೆ ಪುಸ್ತಕವಿಲ್ಲದಿದ್ದರೂ ಪಂಚಾಂಗವುಂಟು. ರೈತನು ತಿಂಗಳುಗಳ ಲೆಕ್ಕಕ್ಕಿಂತ ಮಳೆಗಳ ಲೆಕ್ಕವನ್ನೇ ಹಿಡಿದಿರುತ್ತಾನೆ. ರೋಹಿಣಿ, ಮೃಗಶಿರ, ಆರಿದ್ರ, ಪುನರ್ವಸು, ಪುಷ್ಯ ಎಂದು ಎಣಿಸುತ್ತ, ಯಾವ ಮಳೆಗೆ ಯಾವ ಬೀಜ ಬೀಳಬೇಕೆಂಬುದನ್ನು ಗಾದೆಗಳ ಮೂಲಕ ನೆನಪಿನಲ್ಲಿಟ್ಟಿರುತ್ತಾನೆ. ಎರಡನೆಯದಾಗಿ, ಈ ವಿದ್ಯೆಯು ಕೈಯಿಂದ ಕೈಗೆ ಬರತಕ್ಕದ್ದು. ಕೂರಿಗೆಯನ್ನು ಹಿಡಿಯುವುದು ಹೇಗೆಂದು ತಂದೆಯು ಮಗನಿಗೆ ಉಪನ್ಯಾಸ ಮಾಡಿದುದಿಲ್ಲ. ಹಿಡಿಸಿ, ತಪ್ಪಿದಾಗ ಗದರಿಸಿ, ಪುನಃ ಹಿಡಿಸಿ ಕಲಿಸಿರುತ್ತಾನೆ. ಮೂರನೆಯದಾಗಿ, ಇದು ಗುರುತುಳ್ಳವರಿಂದ ಬರತಕ್ಕ ವಿದ್ಯೆ. ಪರಸ್ಥಳದ ಪಂಡಿತನು ಹೇಳಿದ ನೂರು ಮಾತಿಗಿಂತ ಪಕ್ಕದ ಹೊಲದವನ ಒಂದು ಬೆಳೆಯು ಹೆಚ್ಚು ನಂಬಿಕೆಯನ್ನುಂಟುಮಾಡುತ್ತದೆ. ಏಕೆಂದರೆ ಅವನ ನೆಲವೂ ನೀರೂ ಸಾಲವೂ ನೋಡುವವನಿಗೆ ತಿಳಿದಿರುತ್ತವೆ. ನಾಲ್ಕನೆಯದಾಗಿ, ಹಿರಿಯರ ಎದುರಿಗೆ ಕಿರಿಯರು ಬಾಯಿಬಿಟ್ಟು ಪ್ರಶ್ನೆ ಮಾಡುವುದು ವಿರಳ. ಸಭೆಯಲ್ಲಿ ತಲೆದೂಗಿದವನು ಮಾರನೆಯ ದಿನ ಬಾವಿಯ ಹತ್ತಿರವೋ ಹೋಟೆಲಿನ ಬೆಂಚಿನ ಮೇಲೋ ತನ್ನ ನಿಜವಾದ ಸಂಶಯವನ್ನು ಹೊರಗೆಡಹುತ್ತಾನೆ. ಅಲ್ಲಿ ಉತ್ತರ ಹೇಳುವವರಿಲ್ಲದೆ ಹೋದರೆ ಸಂಶಯವು ಹಾಗೆಯೇ ಉಳಿದು, ಪಾಠವು ಮರೆತುಹೋಗುವುದು.

ಈ ಪದ್ಧತಿಯನ್ನು ತಿಳಿದು ನಡೆದ ಕೆಲಸಗಳು ಹಿಂದೆಯೂ ಫಲಿಸಿರುತ್ತವೆ. ಮಲೆನಾಡಿನ ಅಡಿಕೆಯ ತೋಟಗಳಿಗೆ ಮಳೆಗಾಲದಲ್ಲಿ ತಗಲುವ ಕೊಳೆರೋಗವನ್ನು, 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದೇಶದ ವಿಜ್ಞಾನಿ ಲೆಸ್ಲಿ ಕೋಲ್ಮನ್ನರು ವಿಶೇಷವಾಗಿ ಪರಿಶೋಧಿಸಿ, 1910ರಲ್ಲಿ ಆ ವಿಷಯವಾಗಿ ಗ್ರಂಥವನ್ನು ಪ್ರಕಟಿಸಿದರು. ಅಡಿಕೆಯ ಗೊನೆಗಳಿಗೆ ಮಳೆ ತಾಕದಂತೆ ಕೊಟ್ಟೆ ಕಟ್ಟುವ ವಾಡಿಕೆಯು ತೋಟಗಾರರಲ್ಲಿ ಬಹುಕಾಲದಿಂದ ಇದ್ದಿತು. ಮೈಲುತುತ್ತ ಮತ್ತು ಸುಣ್ಣವನ್ನು ಬೆರೆಸಿದ ಬೋರ್ಡೋ ದ್ರಾವಣವನ್ನು ಸಿಂಪಡಿಸುವುದು ಇದಕ್ಕಿಂತ ಸುಲಭವೂ ಲಾಭಕರವೂ ಆಗಿದ್ದರೂ, ಗ್ರಂಥವನ್ನು ಓದಿ ಮರ ಹತ್ತುವವರು ಯಾರಿದ್ದರು? ಗೊನೆಯು ನಿಂತುದನ್ನು ಕಣ್ಣಾರೆ ಕಂಡ ಮೇಲೆಯೇ ಇಂತಹ ಔಷಧಿಯ ಮೇಲೆ ನಂಬಿಕೆ ಹುಟ್ಟುವುದು. ಒಂದು ಶತಮಾನವು ಕಳೆದರೂ ಅದೇ ದ್ರಾವಣವು ಇಂದಿಗೂ ಅಡಿಕೆತೋಟಗಳಲ್ಲಿ ಬಳಕೆಯಲ್ಲಿದೆ.

ಇದೇ ದ್ರಾವಣವನ್ನು ಉದಾಹರಣೆಯಾಗಿ ತೆಗೆದುಕೊಂಡು, ಯಂತ್ರದ ಪಾಠವು ಎಲ್ಲಿಯವರೆಗೆ ಸಾಗುವುದು, ಎಲ್ಲಿ ನಿಲ್ಲುವುದು ಎಂಬುದನ್ನು ನೋಡಬಹುದು. 100ಕ್ಕೆ 1ರ ಪ್ರಮಾಣದ ದ್ರಾವಣಕ್ಕೆ 1 ಕಿಲೋಗ್ರಾಂ ಮೈಲುತುತ್ತವನ್ನು 50 ಲೀಟರು ನೀರಿನಲ್ಲಿಯೂ, 1 ಕಿಲೋಗ್ರಾಂ ಒಳ್ಳೆಯ ಸುಣ್ಣವನ್ನು ಬೇರೆ 50 ಲೀಟರು ನೀರಿನಲ್ಲಿಯೂ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತ ಕಲಕಬೇಕು. ಕಬ್ಬಿಣದ ಪಾತ್ರೆಯನ್ನು ಉಪಯೋಗಿಸಕೂಡದು. ದ್ರಾವಣದ ಬಣ್ಣವು ಆಕಾಶದ ನೀಲಿಯಂತೆ ಇರಬೇಕು. ಇಷ್ಟನ್ನು ಮೊಬೈಲಿನ ಚಿತ್ರವು ಉಪನ್ಯಾಸಕನಿಗಿಂತಲೂ ಚೆನ್ನಾಗಿ ತೋರಿಸಬಲ್ಲುದು. ಬಣ್ಣವನ್ನು ಮಾತಿನಲ್ಲಿ ಹೇಳುವುದು ಕಷ್ಟ, ಚಿತ್ರದಲ್ಲಿ ತೋರಿಸುವುದು ಸುಲಭ. ಆದರೆ ಆ ಮೇಲೆ ಪರೀಕ್ಷೆಯೊಂದುಂಟು. ಹೊಳಪುಳ್ಳ ಚಾಕುವಿನ ಅಲಗನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆದಾಗ ಅದರ ಮೇಲೆ ತಾಮ್ರದ ಕೆಂಪು ಲೇಪವು ಕಂಡುಬಂದರೆ ಸುಣ್ಣವು ಸಾಲದೆಂದು ತಿಳಿದು ಇನ್ನಷ್ಟು ಸುಣ್ಣದ ನೀರನ್ನು ಸೇರಿಸಬೇಕು. ಎಷ್ಟು ಕೆಂಪಾದರೆ ಕೆಂಪು? ಹಳೆಯ ಸುಣ್ಣವಾದರೆ ಎಷ್ಟು ಹೆಚ್ಚು ಹಾಕಬೇಕು? ಈ ತೋಟದ ಬಾವಿಯ ನೀರು ಸವಳಾಗಿದ್ದರೆ ಏನು ಮಾಡಬೇಕು? ಈ ಪ್ರಶ್ನೆಗಳು ಏಳುವುದು ಪಾತ್ರೆಯ ಮುಂದೆ ಕುಳಿತಾಗಲೇ ಹೊರತು ಚಿತ್ರವನ್ನು ನೋಡುವಾಗ ಅಲ್ಲ. ಚಿತ್ರವು ತೋರಿಸುವುದು, ಬಲ್ಲವನು ಜೊತೆಯಲ್ಲಿದ್ದು ಮಾಡಿಸುವುದು, ಇವೆರಡೂ ಕೂಡಿದರೆ ಮಾತ್ರ ಪಾಠವು ಪೂರ್ತಿಯಾಗುತ್ತದೆ.

ಇಲ್ಲಿ ಇನ್ನೊಂದು ಸಂಗತಿಯನ್ನು ಭೂಮಾಲೀಕರು ಮನಸ್ಸಿಗೆ ತಂದುಕೊಳ್ಳತಕ್ಕದ್ದು. ಬಹುಮಟ್ಟಿಗೆ ವಿಡಿಯೊ ಪಾಠವು ಬಂದು ಸೇರುವುದು ಜಮೀನಿನ ಯಜಮಾನನ ಅಥವಾ ಆತನ ಮಗನ ಮೊಬೈಲಿಗೆ. ಆದರೆ ಔಷಧಿಯ ಪಂಪು ಇರುವುದು ಕೂಲಿಯಾಳಿನ ಬೆನ್ನಿನ ಮೇಲೆ. ಪೈರು ನಾಟಿ ಮಾಡುವುದೂ ಕಳೆ ಕೀಳುವುದೂ ಹೆಂಗಸರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವರ್ಷ ವಯಸ್ಸಿನ ಸ್ತ್ರೀಯರ ಪೈಕಿ ತಾವೇ ಉಪಯೋಗಿಸುವ ಮೊಬೈಲನ್ನು ಹೊಂದಿದವರು 100ಕ್ಕೆ ಸುಮಾರು 54 ಮಂದಿ ಮಾತ್ರ. ಪಾಠವು ಒಂದು ಕೈಗೂ ಕೆಲಸವು ಇನ್ನೊಂದು ಕೈಗೂ ಸೇರಿದರೆ ಆಗುವ ಅನರ್ಥವು ಸಣ್ಣದಲ್ಲ. 2017ರಲ್ಲಿ ಮಹಾರಾಷ್ಟ್ರದ ಯವತಮಾಳ ಜಿಲ್ಲೆಯಲ್ಲಿ ಹತ್ತಿಯ ಬೆಳೆಗೆ ಕೀಟನಾಶಕವನ್ನು ಸಿಂಪಡಿಸುತ್ತಿದ್ದ ರೈತರೂ ಕೂಲಿಗಾರರೂ ವಿಷವೇರಿ ನೂರಾರು ಸಂಖ್ಯೆಯಲ್ಲಿ ಆಸ್ಪತ್ರೆ ಸೇರಿ, ಅವರಲ್ಲಿ ಸುಮಾರು 20 ಮಂದಿ ಮರಣಹೊಂದಿದರು. ಕೀಟನಾಶಕದ ಶೀಶೆಯ ಮೇಲೆ ವಜ್ರಾಕೃತಿಯ ಗುರುತೊಂದಿದ್ದು, ಅದರ ಕೆಳಗಿನ ಅರ್ಧವು ಕೆಂಪಾಗಿದ್ದರೆ ಅತಿಘೋರವಾದ ವಿಷವೆಂದೂ, ಅನಂತರ ಕ್ರಮವಾಗಿ ಹಳದಿ, ನೀಲಿ, ಹಸಿರು ಬಣ್ಣಗಳು ಕಡಿಮೆ ಕಡಿಮೆಯಾದ ವಿಷವೆಂದೂ ತಿಳಿಯಬೇಕು. ಅಕ್ಷರ ಬಾರದವನಿಗೂ ತಿಳಿಯಲೆಂದೇ ಈ ಬಣ್ಣಗಳನ್ನು ಇಟ್ಟಿರುವುದು. ಆದರೆ ಬಣ್ಣದ ಅರ್ಥವನ್ನು ಒಬ್ಬರು ಒಂದು ಸಲವಾದರೂ ಶೀಶೆಯನ್ನು ಕೈಯಲ್ಲಿ ಹಿಡಿದು ಹೇಳದಿದ್ದರೆ, ಅಕ್ಷರವು ಹೇಗೆ ಮೂಕವೋ ಬಣ್ಣವೂ ಹಾಗೆಯೇ ಮೂಕವಾಗಿರುವುದು.

ಯಂತ್ರದ ಪಾಠಕ್ಕೆ ಗ್ರಾಮದ ಕೂಟವು ಜೊತೆಯಾದರೆ ಏನಾಗುವುದೆಂಬುದನ್ನು ಪರೀಕ್ಷಿಸಿ ನೋಡಿದ ಸಂದರ್ಭಗಳಿವೆ. 1956ರಲ್ಲಿ ಆಗಿನ ಮುಂಬಯಿ ಪ್ರಾಂತದ ಪುಣೆಯ ಆಕಾಶವಾಣಿ ಕೇಂದ್ರದಿಂದ ಮರಾಠಿ ಭಾಷೆಯ ಐದು ಜಿಲ್ಲೆಗಳ 150 ಗ್ರಾಮಗಳಿಗೆ ವಾರಕ್ಕೆ ಎರಡರಂತೆ ಹತ್ತು ವಾರಗಳ ಕಾಲ ಕಾರ್ಯಕ್ರಮಗಳನ್ನು ಪ್ರಸಾರಮಾಡಿದರು. ಪ್ರತಿಯೊಂದು ಗ್ರಾಮದಲ್ಲಿಯೂ ಕೆಲವರು ಒಂದು ಕಡೆ ಕುಳಿತು ಕೇಳಿ, ಕೇಳಿದ ಮೇಲೆ ತಮ್ಮತಮ್ಮೊಳಗೆ ಚರ್ಚಿಸಿ, ತಮ್ಮ ಪ್ರಶ್ನೆಗಳನ್ನು ಕೇಂದ್ರಕ್ಕೆ ಬರೆದು ಕಳುಹಿಸುತ್ತಿದ್ದರು. ಮುಂದಿನ ಪ್ರಸಾರದಲ್ಲಿ ಉತ್ತರಗಳು ಬರುತ್ತಿದ್ದವು. ರೇಡಿಯೋ ಇದ್ದರೂ ಇಂತಹ ಕೂಟವಿಲ್ಲದ ಗ್ರಾಮಗಳೊಡನೆ ಇವನ್ನು ಹೋಲಿಸಿ ನೋಡಿದ ಸಮಾಜಶಾಸ್ತ್ರಜ್ಞ ಪಾಲ್ ನ್ಯೂರಾಥರಿಗೆ, ಕೂಟಗಳಿದ್ದ ಗ್ರಾಮಗಳಲ್ಲಿ ಜನರ ತಿಳಿವಳಿಕೆಯು ಬಹಳವಾಗಿ ಹೆಚ್ಚಿದುದೂ, ಬರಿಯ ರೇಡಿಯೋ ಇದ್ದ ಗ್ರಾಮಗಳಲ್ಲಿ ಅಲ್ಪವೇ ಹೆಚ್ಚಿದುದೂ ಕಂಡುಬಂದಿತು. ಎರಡು ಕಡೆಯೂ ಪೆಟ್ಟಿಗೆಯು ಒಂದೇ, ಮಾತೂ ಒಂದೇ. ಭೇದವುಂಟಾದುದು ಸುತ್ತ ಕುಳಿತು ಮಾತನಾಡಿದುದರಿಂದ. 1959ರಲ್ಲಿ ಆಕಾಶವಾಣಿಯು ಈ ಕ್ರಮವನ್ನು ದೇಶದ ಇತರ ಭಾಗಗಳಿಗೂ ವಿಸ್ತರಿಸಿತು.

ಕರ್ನಾಟಕದ ಉತ್ತರಭಾಗದವರಿಗೆ ನೆನಪಿರತಕ್ಕ ಇನ್ನೊಂದು ಪ್ರಯೋಗವು 1975ನೆಯ ಆಗಸ್ಟಿನಿಂದ 1976ನೆಯ ಜುಲೈವರೆಗೆ ಒಂದು ವರ್ಷ ಕಾಲ ನಡೆಯಿತು. ಅಮೆರಿಕೆಯ ಉಪಗ್ರಹವೊಂದರ ಸಹಾಯದಿಂದ ಆರು ರಾಜ್ಯಗಳ ಸುಮಾರು 2,400 ಗ್ರಾಮಗಳಿಗೆ ದೂರದರ್ಶನದ ಪಾಠಗಳನ್ನು ಕಳುಹಿಸಿದರು. ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಗ್ರಾಮಗಳು ಅವುಗಳಲ್ಲಿ ಸೇರಿದ್ದವು. ಬೆಳಿಗ್ಗೆ ಮಕ್ಕಳಿಗೆ, ಸಾಯಂಕಾಲ ದೊಡ್ಡವರಿಗೆ, ವ್ಯವಸಾಯ, ಆರೋಗ್ಯ ಮೊದಲಾದ ವಿಷಯಗಳು. ಅದೇ ವರ್ಷ ಪ್ರಾಥಮಿಕ ಶಾಲೆಗಳ ಸುಮಾರು 50,000 ಉಪಾಧ್ಯಾಯರಿಗೆ ವಿಜ್ಞಾನಬೋಧನೆಯ ಶಿಕ್ಷಣವನ್ನೂ ಈ ಏರ್ಪಾಡಿನ ಮೂಲಕ ಕೊಟ್ಟರು. ಆದರೆ ಅದಕ್ಕೆ ದೂರದರ್ಶನವೊಂದನ್ನೇ ನೆಚ್ಚಲಿಲ್ಲ. ರೇಡಿಯೋ ಪಾಠ, ಅಚ್ಚಿನ ಪುಸ್ತಕ, ಕೈಯಾರೆ ಮಾಡುವ ಪ್ರಯೋಗ, ಎದುರಿಗಿದ್ದು ನಡೆಸುವ ಮಾರ್ಗದರ್ಶಿ, ಇವೆಲ್ಲವನ್ನೂ ಕೂಡಿಸಿದರು. ಮಿಶ್ರ ಬೋಧನಾಕ್ರಮವೆಂಬ ಹೆಸರು ಜನರ ಬಾಯಲ್ಲಿ ಬರುವುದಕ್ಕೆ ಬಹಳ ಮೊದಲೇ ಆ ಕೆಲಸವು ಈ ದೇಶದಲ್ಲಿ ನಡೆದಿದ್ದಿತೆಂಬುದು ಇದರಿಂದ ತಿಳಿಯುತ್ತದೆ.

ಮೂರನೆಯ ಪರೀಕ್ಷೆಯು ಇನ್ನೂ ಸಮೀಪದ್ದು. ಈ ಶತಮಾನದ ಮೊದಲ ದಶಕದಲ್ಲಿ ಬೆಂಗಳೂರಿನ ಸಂಶೋಧಕರು ಆರಂಭಿಸಿದ ಡಿಜಿಟಲ್ ಗ್ರೀನ್ ಎಂಬ ಏರ್ಪಾಡಿನಲ್ಲಿ, ಸ್ಥಳೀಯ ರೈತರೇ ತಮ್ಮ ಹೊಲದಲ್ಲಿ ಮಾಡಿ ತೋರಿಸಿದುದನ್ನು ಚಿತ್ರ ತೆಗೆದು, ಅದನ್ನು ಗ್ರಾಮಗಳ ಸಣ್ಣ ಗುಂಪುಗಳಿಗೆ ತೋರಿಸುತ್ತಿದ್ದರು. ಚಿತ್ರವನ್ನು ಸುಮ್ಮನೆ ಓಡಿಸುವುದಲ್ಲ. ಆ ಊರಿನವನೇ ಆದ ಒಬ್ಬನು ನಡುನಡುವೆ ಅದನ್ನು ನಿಲ್ಲಿಸಿ, ಪ್ರಶ್ನೆ ಕೇಳಿ, ಉತ್ತರ ಹೇಳಿ, ಮುಂದಿನ ವಾರದಲ್ಲಿ ಯಾರು ಯಾರು ಮಾಡಿದರೆಂದು ವಿಚಾರಿಸುತ್ತಿದ್ದನು. ಕರ್ನಾಟಕದ 16 ಗ್ರಾಮಗಳಲ್ಲಿ 13 ತಿಂಗಳು ನಡೆದ ಪರೀಕ್ಷೆಯಲ್ಲಿ, ಅಧಿಕಾರಿಗಳು ಬಂದು ಹೇಳಿ ಹೋಗುವ ಹಳೆಯ ಕ್ರಮಕ್ಕಿಂತ ಇದರಿಂದ ಕೆಲವು ಬೇಸಾಯ ಪದ್ಧತಿಗಳನ್ನು ಅನುಸರಿಸಿದವರು ಏಳುಪಟ್ಟಾದರೆಂದು ಅವರ ವರದಿಯು ತಿಳಿಸುತ್ತದೆ. ತಮ್ಮಂಥವನೇ ಒಬ್ಬನು, ತಮ್ಮ ಉಡುಪಿನಲ್ಲಿ, ತಮ್ಮ ಮಾತಿನಲ್ಲಿ ಹೇಳಿದುದನ್ನು ಜನರು ತಮ್ಮದೆಂದು ತಿಳಿಯುತ್ತಾರೆ.

ಹೊಲವನ್ನೇ ಶಾಲೆಯಾಗಿ ಮಾಡಿದ ದೃಷ್ಟಾಂತವು ಇಂಡೋನೇಷಿಯಾದಿಂದ ಬಂದಿದೆ. ಅಲ್ಲಿ ಕೀಟನಾಶಕವನ್ನು ಹೆಚ್ಚು ಹೆಚ್ಚಾಗಿ ಸಿಂಪಡಿಸಿದಷ್ಟೂ ಬತ್ತದ ಕಂದುಜಿಗಿಹುಳುವು ಹೆಚ್ಚುತ್ತ ಹೋಯಿತು. ಹುಳುವನ್ನು ತಿನ್ನುವ ಜೇಡಗಳೂ ಇತರ ಮಿತ್ರಕೀಟಗಳೂ ಮೊದಲು ಸತ್ತುದೇ ಇದಕ್ಕೆ ಕಾರಣವಾಗಿದ್ದಿತು. 1986ರಲ್ಲಿ ಆ ದೇಶದ ಸರ್ಕಾರವು ಬತ್ತಕ್ಕೆ ಬಳಸುತ್ತಿದ್ದ 57 ಬಗೆಯ ಕೀಟನಾಶಕಗಳನ್ನು ನಿಷೇಧಿಸಿತು. 1989ರಿಂದ ರೈತರ ಕ್ಷೇತ್ರಪಾಠಶಾಲೆಗಳು ಆರಂಭವಾದವು. ಸುಮಾರು 25 ಮಂದಿ ರೈತರು ಬೆಳೆಯ ಕಾಲವೆಲ್ಲ ವಾರಕ್ಕೊಂದು ಸಲ ಗದ್ದೆಗೆ ಇಳಿದು, ಯಾವ ಹುಳು ಎಷ್ಟಿದೆಯೆಂದು ಎಣಿಸಿ, ಕಂಡುದನ್ನು ಕಾಗದದ ಮೇಲೆ ಚಿತ್ರವಾಗಿ ಬರೆದು, ಈ ವಾರ ಏನು ಮಾಡಬೇಕೆಂದು ತಾವೇ ನಿಶ್ಚಯಿಸುತ್ತಿದ್ದರು. ಬೋಧಕನ ಕೆಲಸವು ಉತ್ತರ ಹೇಳುವುದಲ್ಲ, ಪ್ರಶ್ನೆಯನ್ನು ಅವರಿಗೇ ಹಿಂದಿರುಗಿಸುವುದು. ಈ ಕ್ರಮವು ಅನಂತರ ಭಾರತವೂ ಸೇರಿ ಅನೇಕ ದೇಶಗಳಿಗೆ ಹರಡಿತು.

ಮಕ್ಕಳ ವಿದ್ಯಾಭ್ಯಾಸದಲ್ಲಿಯೂ ಕರ್ನಾಟಕವು ಇದೇ ಪಾಠವನ್ನು ಕಲಿತಿರುವುದು. 2020ರಲ್ಲಿ ಕೋವಿಡ್ ರೋಗದ ನಿಮಿತ್ತ ಶಾಲೆಗಳು ಮುಚ್ಚಿದಾಗ ಚಂದನ ವಾಹಿನಿಯಲ್ಲಿ ಪಾಠಗಳು ಪ್ರಸಾರವಾದವು. ಆದರೆ ಎಲ್ಲ ಮನೆಗಳಲ್ಲಿಯೂ ಅನುಕೂಲವು ಒಂದೇ ಸಮನಾಗಿರಲಿಲ್ಲ. ಆದಕಾರಣ ಆ ವರ್ಷದ ಆಗಸ್ಟಿನಲ್ಲಿ ಆರಂಭವಾದ ವಿದ್ಯಾಗಮವೆಂಬ ಏರ್ಪಾಡಿನಲ್ಲಿ, ಇಂಟರ್‌ನೆಟ್ ಉಳ್ಳ ಮೊಬೈಲಿದ್ದವರು, ಬರಿಯ ಮೊಬೈಲಿದ್ದವರು, ಏನೂ ಇಲ್ಲದವರು ಎಂದು ಮಕ್ಕಳನ್ನು ಮೂರು ಗುಂಪಾಗಿ ವಿಂಗಡಿಸಿ, ಉಪಾಧ್ಯಾಯರೇ ಊರಿಗೆ ಹೋಗಿ ದೇವಸ್ಥಾನದ ಜಗಲಿ, ಸಮುದಾಯಭವನ, ಮರದ ನೆರಳುಗಳಲ್ಲಿ ಪಾಠ ಹೇಳಿದರು. ರೋಗಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಆದರೂ ಅದರಲ್ಲಿ ಒಂದು ತತ್ತ್ವವು ಸ್ಪಷ್ಟವಾಗಿದ್ದಿತು: ಪಾಠವನ್ನು ಮೊದಲು ಸಿದ್ಧಮಾಡಿ ಮಕ್ಕಳನ್ನು ಅದಕ್ಕೆ ಒಗ್ಗಿಸುವುದಕ್ಕೆ ಬದಲಾಗಿ, ಮಗುವು ಇರುವ ಸ್ಥಿತಿಯನ್ನು ಮೊದಲು ನೋಡಿ ಪಾಠವನ್ನು ಅದಕ್ಕೆ ಒಗ್ಗಿಸುವುದು.

ಹೀಗೆ ಹೇಳುವಾಗ ಒಂದು ಎಚ್ಚರಿಕೆಯು ಅವಶ್ಯಕ. ಗ್ರಾಮದವರ ಕಲಿಕೆಯ ರೀತಿಯೇ ಬೇರೆ, ಅವರ ಬುದ್ಧಿಯು ಕೈಯಲ್ಲಿದೆ, ಓದುಬರಹವು ಅವರಿಗೆ ಒಗ್ಗದು ಎಂದು ಕೆಲವರು ಹೇಳುವುದುಂಟು. ಇದು ತಪ್ಪು. ಕೆಲವರು ಕಣ್ಣಿನಿಂದಲೇ ಕಲಿಯುವವರು, ಕೆಲವರು ಕಿವಿಯಿಂದಲೇ ಕಲಿಯುವವರು ಎಂದು ಹುಟ್ಟಿನಿಂದಲೇ ವಿಭಾಗಿಸಿ, ಅದಕ್ಕೆ ತಕ್ಕಂತೆಯೇ ಪಾಠ ಹೇಳಬೇಕೆಂಬ ವಾದವನ್ನು 2008ರಲ್ಲಿ ಪ್ಯಾಷ್ಲರ್, ಮೆಕ್‌ಡೇನಿಯಲ್, ರೋರರ್, ಬ್ಯೋರ್ಕ್ ಎಂಬ ನಾಲ್ವರು ಮನಶ್ಶಾಸ್ತ್ರಜ್ಞರು ಪರಿಶೀಲಿಸಿ, ಅದಕ್ಕೆ ಸಾಕಷ್ಟು ಆಧಾರವಿಲ್ಲವೆಂದು ತಿಳಿಸಿರುತ್ತಾರೆ. ಗ್ರಾಮದ ಕಲಿಕೆಯ ಪದ್ಧತಿಯೆಂಬುದು ರಕ್ತದಲ್ಲಿ ಬಂದ ಗುಣವಲ್ಲ. ಕೆಲಸ, ಕಾಲ, ನಂಬಿಕೆ, ಮರ್ಯಾದೆಗಳಿಂದ ಏರ್ಪಟ್ಟ ವಾಡಿಕೆ. ವಾಡಿಕೆಯನ್ನು ಬಾಗಿಲಾಗಿ ಉಪಯೋಗಿಸಬೇಕೇ ಹೊರತು ಗೋಡೆಯಾಗಿ ಅಲ್ಲ. ಪಂಪು ಹೊರುವವನಿಗೆ ಪ್ರಮಾಣದ ಲೆಕ್ಕವನ್ನೂ, ಅದರ ಕಾರಣವನ್ನೂ, ಸಾಧ್ಯವಾದರೆ ಚೀಟಿಯನ್ನು ಓದುವ ಅಕ್ಷರವನ್ನೂ ಕಲಿಸತಕ್ಕದ್ದು. ಕೈಯಿಂದ ಆರಂಭಿಸಿದ ಪಾಠವು ಕೈಯಲ್ಲಿಯೇ ನಿಲ್ಲಬಾರದು.

ವಾಡಿಕೆಗಳೆಲ್ಲವೂ ಕಾಪಾಡತಕ್ಕವುಗಳೂ ಅಲ್ಲ. ಚಾವಡಿಯ ಜಗಲಿಯ ಮೇಲೆ ಕುಳಿತುಕೊಳ್ಳಲು ಹಿಂಜರಿದು ಕೆಲವರು ದೂರದಲ್ಲಿ ನಿಲ್ಲುವುದು ಎಲ್ಲಿಯಾದರೂ ಇನ್ನೂ ಉಳಿದಿದ್ದರೆ, ಅದು ಸಂಸ್ಕೃತಿಯಲ್ಲ, ಅನ್ಯಾಯ. ಅಸ್ಪೃಶ್ಯತೆಯನ್ನು ಸಂವಿಧಾನದ 17ನೆಯ ವಿಧಿಯು ರದ್ದುಮಾಡಿರುವುದು. ದೂರದಲ್ಲಿ ನಿಂತವನಿಗೆ ಮೊಬೈಲಿನ ಚಿತ್ರವು ಕಾಣುವುದಿಲ್ಲ, ಮಾತು ಕೇಳಿಸುವುದಿಲ್ಲ. ಆದರೆ ಮಾರನೆಯ ದಿನ ಆ ಪಾಠದಂತೆ ಕೆಲಸ ಮಾಡಬೇಕಾದವನು ಅವನೇ. ಎಲ್ಲರೂ ಸಮನಾಗಿ ಕುಳಿತುಕೊಳ್ಳಲಾರದ ಸ್ಥಳದಲ್ಲಿ ಪಾಠವನ್ನು ಏರ್ಪಡಿಸುವುದಕ್ಕಿಂತ, ಹೊಲದ ಬದುವಿನ ಮೇಲೆ ಏರ್ಪಡಿಸುವುದು ಒಳ್ಳೆಯದು.

ಇದರ ಮೇಲೆ ಅನುಭವಸ್ಥರಾದ ಕೆಲವು ಜಮೀನುದಾರರು ಎರಡು ಆಕ್ಷೇಪಣೆಗಳನ್ನು ತರಬಹುದು. ಕೆಲಸದ ಕಾಲದಲ್ಲಿ ಆಳುಗಳನ್ನು ಪಾಠಕ್ಕೆ ಕೂರಿಸಿದರೆ ಕೂಲಿಯು ನಷ್ಟವಾಗುವುದೆಂಬುದು ಒಂದು. ಕಲಿತ ಆಳು ನಾಳೆ ಬೇರೆಯವರ ಹೊಲಕ್ಕೆ ಹೋದರೆ ಪ್ರಯೋಜನವೇನೆಂಬುದು ಇನ್ನೊಂದು. ಇವು ಅಲಕ್ಷಿಸತಕ್ಕ ಮಾತುಗಳಲ್ಲ. ಸಣ್ಣ ಹಿಡುವಳಿದಾರನಿಗೆ ನಾಟಿಯ ಕಾಲದ ಒಂದು ಗಂಟೆಯೂ ಬೆಲೆಯುಳ್ಳದ್ದೇ. ಆದರೆ ತಪ್ಪು ಪ್ರಮಾಣದಲ್ಲಿ ಬೆರೆಸಿದ ಔಷಧಿಯನ್ನು ಪುನಃ ಕೊಂಡು ಪುನಃ ಸಿಂಪಡಿಸುವುದಕ್ಕೆ ತಗಲುವ ಹಣವನ್ನೂ, ವಿಷವೇರಿದ ಆಳನ್ನು ಆಸ್ಪತ್ರೆಗೆ ಸೇರಿಸುವ ದಿನದ ಸಂಕಟವನ್ನೂ ಅದರ ಜೊತೆಗಿಟ್ಟು ತೂಗಿ ನೋಡಬೇಕು. ಎರಡನೆಯ ಆಕ್ಷೇಪಣೆಗೆ ಉತ್ತರವು ಇನ್ನೂ ಸುಲಭ. ಒಬ್ಬರ ಹೊಲದ ಆಳು ಇನ್ನೊಬ್ಬರ ಹೊಲಕ್ಕೆ ಹೋಗುವುದು ನಿಜ. ಇನ್ನೊಬ್ಬರ ಹೊಲದವನು ಇಲ್ಲಿಗೆ ಬರುವುದೂ ಅಷ್ಟೇ ನಿಜ. ಎಲ್ಲರೂ ಕಲಿಸಿದರೆ ಊರಿನಲ್ಲಿ ಕಲಿಯದ ಆಳೇ ಉಳಿಯುವುದಿಲ್ಲ. ಹುಳುವೂ ರೋಗವೂ ಬದುವಿನ ಗಡಿಯನ್ನು ನೋಡಿ ನಿಲ್ಲುವುದಿಲ್ಲವಾದುದರಿಂದ ನೆರೆಯವನ ಅಜ್ಞಾನದ ದಂಡವನ್ನು ಇವನೂ ತೆರಬೇಕಾಗುವುದು.

ಹಾಗಾದರೆ ಗ್ರಾಮದ ಮುಖಂಡರು ಮಾಡತಕ್ಕದ್ದೇನು? ಹೆಚ್ಚಿನ ಹಣದ ಅವಶ್ಯಕತೆಯಿಲ್ಲದೆ ಈ ಕೆಳಗಿನ ಆರು ಕೆಲಸಗಳನ್ನು ಈ ವರ್ಷದಲ್ಲಿಯೇ ಆರಂಭಿಸಬಹುದು.

ಮೊದಲನೆಯದು, ಕಾಲ. ಪಾಠಗಳನ್ನು ತಿಂಗಳ ಲೆಕ್ಕಕ್ಕೆ ಬದಲಾಗಿ ಮಳೆಗಳ ಲೆಕ್ಕದಲ್ಲಿ ಏರ್ಪಡಿಸತಕ್ಕದ್ದು. ಮಣ್ಣಿನ ಮಾದರಿ ತೆಗೆಯುವ ಪಾಠವು ರೋಹಿಣಿಗೆ ಮುಂಚೆಯೇ ಮುಗಿಯಬೇಕು. ಅಡಿಕೆಯ ಸಿಂಪರಣೆಯ ಪಾಠವು ಮುಂಗಾರು ಹಿಡಿಯುವುದಕ್ಕೆ ಮೊದಲು ಒಂದು ಸಲ, ಅನಂತರ 40ರಿಂದ 45 ದಿನಗಳೊಳಗೆ ಎರಡನೆಯ ಸಿಂಪರಣೆಯ ಹೊತ್ತಿಗೆ ಇನ್ನೊಂದು ಸಲ ಆಗಬೇಕು. ಕಾಲ ಮೀರಿ ಬಂದ ಪಾಠವು ಮಳೆ ನಿಂತ ಮೇಲೆ ಬಂದ ಕೊಡೆಯಂತೆ.

ಎರಡನೆಯದು, ನೆಲ. ಅನುಕೂಲಸ್ಥರಾದ ಭೂಮಾಲೀಕರು ದಾರಿಯ ಪಕ್ಕದಲ್ಲಿ, ಎಲ್ಲರ ಕಣ್ಣಿಗೂ ಬೀಳುವಂತಹ ಐದಾರು ಗುಂಟೆ ಜಮೀನನ್ನು ಪಾಠಕ್ಕಾಗಿ ಬಿಟ್ಟುಕೊಡತಕ್ಕದ್ದು. ಅದರ ಅರ್ಧದಲ್ಲಿ ಹಳೆಯ ಕ್ರಮವೂ ಅರ್ಧದಲ್ಲಿ ಹೊಸ ಕ್ರಮವೂ ನಡೆಯಲಿ. ಹೊಸ ಕ್ರಮವು ಗೆದ್ದರೂ ಸರಿ, ಸೋತರೂ ಸರಿ, ಫಲವನ್ನು ಮುಚ್ಚಿಡಬಾರದು. ಸೋತುದನ್ನು ಒಪ್ಪಿಕೊಂಡ ಊರಿನಲ್ಲಿ ಗೆದ್ದುದರ ಮೇಲೆ ನಂಬಿಕೆ ಹುಟ್ಟುವುದು.

ಮೂರನೆಯದು, ಮನುಷ್ಯ. ಊರಿನವರೇ ಆದ ಒಬ್ಬರನ್ನು, ಸಾಧ್ಯವಾದರೆ ಒಬ್ಬ ಗಂಡಸನ್ನೂ ಒಬ್ಬ ಹೆಂಗಸನ್ನೂ, ಈ ಕೆಲಸಕ್ಕೆ ಆರಿಸತಕ್ಕದ್ದು. ಅವರು ದೊಡ್ಡ ಮನೆಯವರೇ ಆಗಬೇಕೆಂಬುದಿಲ್ಲ. ತಾಳ್ಮೆಯಿಂದ ಚಿತ್ರವನ್ನು ನಿಲ್ಲಿಸಿ ಇನ್ನೊಂದು ಸಲ ತೋರಿಸುವವರಾಗಬೇಕು, ಮಾರನೆಯ ದಿನ ಬಾವಿಯ ಹತ್ತಿರ ಕೇಳಿದ ಪ್ರಶ್ನೆಗೂ ಉತ್ತರ ಹೇಳುವವರಾಗಬೇಕು, ತಿಳಿಯದುದನ್ನು ತಿಳಿಯದೆಂದು ಹೇಳಿ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿಕೊಂಡು ಬರುವವರಾಗಬೇಕು.

ನಾಲ್ಕನೆಯದು, ಮಾತು ಮತ್ತು ಅಳತೆ. ಮೈಸೂರು ಕಡೆಯವನ ಕಡಲೆಕಾಯಿಯು ಧಾರವಾಡದ ಕಡೆಯವನಿಗೆ ಶೇಂಗಾ. ಇವನ ಮುಸುಕಿನ ಜೋಳವು ಅವನಿಗೆ ಗೋವಿನಜೋಳ. ಒಂದು ಕಡೆ ತಯಾರಾದ ಪಾಠವನ್ನು ಇನ್ನೊಂದು ಕಡೆ ತೋರಿಸುವಾಗ ಸ್ಥಳೀಯ ಹೆಸರುಗಳನ್ನು ಹೇಳಿಯೇ ಮುಂದುವರಿಯತಕ್ಕದ್ದು. ಹೆಕ್ಟೇರಿಗೆ ಇಷ್ಟು ಎಂದು ಹೇಳಿದುದನ್ನು ಗುಂಟೆಗೆ ಇಷ್ಟು, ಒಂದು ಪಂಪಿಗೆ ಔಷಧಿಯ ಅಳತೆಯ ಮುಚ್ಚಳದಿಂದ ಇಷ್ಟು ಎಂದು ಲೆಕ್ಕ ಮಾಡಿ ಪಾಠದ ಸ್ಥಳದಲ್ಲಿ ಬರೆದಿಡಬೇಕು.

ಐದನೆಯದು, ಹೆಂಗಸರ ಕೂಟ. ಸಾಯಂಕಾಲದ ಸಭೆಯ ಹೊತ್ತಿಗೆ ಅವರು ಒಲೆಯ ಮುಂದೆ ಇರುತ್ತಾರೆ. ಆದಕಾರಣ ಅವರನ್ನು ಸಭೆಗೆ ಕರೆಯುವುದಕ್ಕಿಂತ, ಸ್ತ್ರೀಶಕ್ತಿ ಸಂಘಗಳು ತಾವಾಗಿಯೇ ಸೇರುವ ದಿನಗಳಿಗೆ ಪಾಠವನ್ನು ಕೊಂಡೊಯ್ಯುವುದು ಯುಕ್ತ. ನಾಟಿಯ ಅಂತರ, ಬೀಜೋಪಚಾರ, ಕಾಳುಗಳನ್ನು ಹುಳು ಹಿಡಿಯದಂತೆ ಇಡುವ ಕ್ರಮ, ಇವುಗಳಲ್ಲಿ ಅವರ ಅನುಭವವೇ ಹೆಚ್ಚಾದುದರಿಂದ, ಅಲ್ಲಿ ಅವರೇ ಬೋಧಕರಾಗುವುದೂ ಉಂಟು.

ಆರನೆಯದು, ಪ್ರಶ್ನೆಗಳ ಪುಸ್ತಕ. ಪ್ರತಿಯೊಂದು ಪಾಠದ ಮೇಲೂ ಏಳುವ ಸಂಶಯಗಳನ್ನು ಒಂದು ಪುಸ್ತಕದಲ್ಲಿ ಬರೆದು, ತಿಂಗಳಿಗೊಮ್ಮೆ ಇಲಾಖೆಗೆ ಕಳುಹಿಸತಕ್ಕದ್ದು. ಇಲಾಖೆಯಾದರೂ ತಾನು ಕಳುಹಿಸಿದ ಪಾಠಗಳ ಸಂಖ್ಯೆಯನ್ನು ಎಣಿಸಿ ತೃಪ್ತಿಪಡಬಾರದು. ಹಿಂದಿರುಗಿ ಬಂದ ಪ್ರಶ್ನೆಗಳ ಸಂಖ್ಯೆಯೇ ಕೆಲಸದ ನಿಜವಾದ ಅಳತೆ. ಪ್ರಶ್ನೆಯು ಬಾರದ ಗ್ರಾಮದಲ್ಲಿ ಎಲ್ಲವೂ ತಿಳಿದಿದೆಯೆಂದು ಭಾವಿಸುವುದು ತಪ್ಪು. ಪಾಠವು ಅಲ್ಲಿಗೆ ತಲಪಲಿಲ್ಲವೆಂದು ಭಾವಿಸುವುದು ಕ್ಷೇಮ.

ನೋಡುವುದು, ಕೇಳುವುದು, ಮಾಡುವುದು, ಮಾಡಿದುದನ್ನು ಕುರಿತು ಮಾತನಾಡುವುದು, ಈ ನಾಲ್ಕೂ ಗ್ರಾಮಕ್ಕೆ ಹೊಸವಲ್ಲ. ಯಂತ್ರವು ಬಂದು ಇವುಗಳಲ್ಲಿ ಮೊದಲೆರಡನ್ನು ಸುಲಭಮಾಡಿರುವುದು. ಕಡೆಯ ಎರಡನ್ನು ಅದು ಮಾಡಲಾರದು. ಅವು ನಡೆಯಬೇಕಾದುದು ಹೊಲದಲ್ಲಿ, ಗುರುತುಳ್ಳವರ ನಡುವೆ. ಆ ಹೊಲವನ್ನೂ ಆ ಹೊತ್ತನ್ನೂ ಕೊಡುವ ಅಧಿಕಾರವು ಯಾರ ಕೈಯಲ್ಲಿದೆಯೋ ಅವರು ಅದನ್ನು ಕೊಡಲು ಹಿಂಜರಿಯಬಾರದು. ಮುಂದಿನ ಮುಂಗಾರಿಗೆ ಪಂಪು ಹೊತ್ತು ತೋಟಕ್ಕೆ ಇಳಿಯುವವನು ಶೀಶೆಯ ಮೇಲಿನ ಬಣ್ಣದ ಅರ್ಥವನ್ನು ತಾನೇ ಬಲ್ಲವನಾಗಿದ್ದರೆ, ಆ ಗ್ರಾಮದಲ್ಲಿ ಮಿಶ್ರ ಬೋಧನಾಕ್ರಮವು ಸಾರ್ಥಕವಾಯಿತೆಂದು ತಿಳಿಯಬಹುದು.